ಲೆಕ್ಕ ಮುಗಿದ ಮೇಲೆ ಉಳಿಯುವ ಹತ್ತು ನಿಮಿಷ

ಪ್ರಶ್ನೆ: ನಮ್ಮದು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಮಗಳಿಗೆ ಒಂಬತ್ತು ವರ್ಷ, ಊರಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಮೂರನೇ ತರಗತಿ ಮುಗಿಯುವವರೆಗೆ ನಲಿ-ಕಲಿಯಲ್ಲಿ ಎಲ್ಲರಿಗಿಂತ ಮುಂದಿದ್ದಳು, ಶಾಲೆಗೆ ಓಡಿಹೋಗುತ್ತಿದ್ದಳು. ಈ ವರ್ಷ ಎಲ್ಲ ತಲೆಕೆಳಗಾಗಿದೆ. ಲೆಕ್ಕ ಬೇಗ ಮುಗಿಸಿ ಪಕ್ಕದವರನ್ನು ಮಾತಿಗೆಳೆಯುತ್ತಾಳೆ, ಬೇರೆಯವರಿಗೆ ಕೇಳಿದ ಪ್ರಶ್ನೆಗೆ ತಾನೇ ಉತ್ತರ ಕೂಗುತ್ತಾಳೆ, ನೋಟ್ಸ್ ಪೂರ್ತಿ ಬರೆಯುವುದಿಲ್ಲ ಎಂದು ಟೀಚರ್ ದೂರುತ್ತಾರೆ. ಒಂದು ದಿನ ‘ಸೊನ್ನೆ ಸಮಸಂಖ್ಯೆಯೋ ಬೆಸಸಂಖ್ಯೆಯೋ’ ಎಂದು ಕೇಳಿದ್ದಕ್ಕೆ ‘ಪಾಠದಲ್ಲಿ ಇರುವುದನ್ನು ಕೇಳು’ ಎಂದರಂತೆ. ಈಗ ಸೋಮವಾರ ಬಂದರೆ ಹೊಟ್ಟೆನೋವು. ಪೇಟೆಯ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸೋಣ ಎಂದು ಯಜಮಾನರು ಹಟ ಹಿಡಿದಿದ್ದಾರೆ. ನಾನು ಪಿಯುಸಿವರೆಗೆ ಓದಿದವಳು. ಟೀಚರ್ ಹತ್ತಿರ ಹೋಗಿ ‘ನನ್ನ ಮಗಳು ಬುದ್ಧಿವಂತೆ’ ಎಂದು ಹೇಳಿಕೊಳ್ಳಲು ನಾಚಿಕೆ. ಹೇಳಿದರೆ ಆ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಂಡಾರು ಎಂಬ ಭಯ ಬೇರೆ. ಹೇಗೆ ಮಾತನಾಡಲಿ?

ಉತ್ತರ: ಅಮ್ಮಾ, ನಿಮ್ಮ ನಾಚಿಕೆ ಒಳ್ಳೆಯದೇ. ‘ನನ್ನ ಮಗಳು ಬುದ್ಧಿವಂತೆ’ ಎಂಬ ಮಾತನ್ನು ಮನೆಯಲ್ಲೇ ಬಿಟ್ಟು ಹೋಗಿ. ಇಪ್ಪತ್ತೊಂದು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ, ಆಮೇಲೆ ಶಿಕ್ಷಕರಿಗೆ ತರಬೇತಿ ಕೊಡುವ ಕೆಲಸಕ್ಕೆ ಹೋದವಳು ನಾನು. ಆ ಮಾತನ್ನು ಎಷ್ಟು ತಾಯಂದಿರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ನನ್ನೊಳಗಿನ ಮೇಡಂ ಬೆನ್ನು ಸೆಟೆಸಿ ಕೂರುತ್ತಿದ್ದಳು. ‘ಹೌದೇ? ಹಾಗಾದರೆ ನೋಟ್ಸ್ ಏಕೆ ಬರೆದಿಲ್ಲ?’ ಎಂಬ ಪ್ರಶ್ನೆ ತುದಿನಾಲಿಗೆಯಲ್ಲೇ ಇರುತ್ತಿತ್ತು. ಅಲ್ಲಿಂದ ಮುಂದೆ ಮಾತು ಮಗುವಿನದಾಗಿ ಉಳಿಯುವುದಿಲ್ಲ, ಯಾರು ಸರಿ ಎಂಬ ಜಗ್ಗಾಟವಾಗುತ್ತದೆ.

ನೀವು ಕೇಳಬೇಕಾದದ್ದು ಬಹಳ ಸಣ್ಣದು. ಲೆಕ್ಕ ಮುಗಿದ ಮೇಲೆ ನಿಮ್ಮ ಮಗಳ ಕೈಯಲ್ಲಿ ಹತ್ತು ನಿಮಿಷ ಉಳಿಯುತ್ತದೆ. ಆ ಹತ್ತು ನಿಮಿಷದಲ್ಲಿ ಅವಳು ಏನು ಮಾಡಬೇಕು? ಇಷ್ಟಕ್ಕೆ ಒಂದು ಒಪ್ಪಂದವಾದರೆ ಟೀಚರ್ ಹೇಳಿದ ದೂರುಗಳಲ್ಲಿ ಎರಡಾದರೂ ತಾವಾಗಿ ಕಡಿಮೆಯಾಗುತ್ತವೆ.

ಅದಕ್ಕೆ ಮುಂಚೆ, ಮೂರರಿಂದ ನಾಲ್ಕಕ್ಕೆ ಬರುವಾಗ ಏನಾಯಿತು ಎಂದು ನೋಡೋಣ. ನಲಿ-ಕಲಿ ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ. ಆಂಧ್ರದ ರಿಷಿವ್ಯಾಲಿಯ ಸುತ್ತಲಿನ ಸಣ್ಣ ಹಳ್ಳಿಶಾಲೆಗಳನ್ನು ನೋಡಿಬಂದ ಶಿಕ್ಷಕರು ಅದನ್ನು ಇಲ್ಲಿಗೆ ಒಗ್ಗಿಸಿಕೊಂಡರು. ಅಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಒಂದು ತಟ್ಟೆಯಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಇನ್ನೊಂದರಲ್ಲಿ ಗೆಳೆಯರು ನೆರವಾಗುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಕಲಿಕಾ ಏಣಿ, ಅಂದರೆ ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ. ಮಗು ಕಾರ್ಡ್ ತೆಗೆದುಕೊಂಡು, ಮುಗಿಸಿ, ತಾನೇ ಮುಂದಿನ ಮೆಟ್ಟಿಲಿಗೆ ಹೋಗುತ್ತದೆ. ಪಕ್ಕದವನು ಮುಗಿಸುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಮಗಳು ಮೂರು ವರ್ಷ ಈ ವೇಗದಲ್ಲಿ ಬದುಕಿದಳು. ನಾಲ್ಕನೇ ತರಗತಿಯಲ್ಲಿ ಏಣಿ ಇಲ್ಲ, ತಟ್ಟೆ ಇಲ್ಲ. ಕಪ್ಪುಹಲಗೆ, ಪಠ್ಯಪುಸ್ತಕ, ಎಲ್ಲರಿಗೂ ಒಂದೇ ಲೆಕ್ಕ. ಬೇಗ ಮುಗಿಸುವುದು ನಿನ್ನೆಯವರೆಗೆ ಶಹಬ್ಬಾಸ್‌ಗಿರಿಯ ವಿಷಯವಾಗಿತ್ತು, ಇವತ್ತು ಅದೇ ತಂಟೆ. ಒಂಬತ್ತು ವರ್ಷದ ಮಗುವಿಗೆ ಈ ಬದಲಾವಣೆಯನ್ನು ಯಾರೂ ಬಿಡಿಸಿ ಹೇಳಿರುವುದಿಲ್ಲ.

(ನಲಿ-ಕಲಿ ಎಲ್ಲ ಕಡೆ ಚೆನ್ನಾಗಿ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾರ್ಡುಗಳು ಬೀರುವಿನಲ್ಲೇ ಬೀಗ ಹಾಕಿಸಿಕೊಂಡು ಕುಳಿತಿದ್ದ ಶಾಲೆಗಳನ್ನೂ ಕಂಡಿದ್ದೇನೆ. ನಿಮ್ಮೂರಿನ ನಲಿ-ಕಲಿ ಟೀಚರ್ ಮನಸ್ಸಿಟ್ಟು ಮಾಡಿದವರು ಎಂದು ನಿಮ್ಮ ಪತ್ರದಿಂದಲೇ ಗೊತ್ತಾಗುತ್ತದೆ. ಅವರು ಈಗಲೂ ಅದೇ ಶಾಲೆಯಲ್ಲಿದ್ದರೆ ನಿಮ್ಮ ಮೊದಲ ಮಾತು ಅವರ ಜೊತೆಗೇ ಆಗಲಿ. ‘ಇವಳು ನಿಮ್ಮ ಹತ್ತಿರ ಹೇಗಿದ್ದಳು?’ ಎಂದು ಕೇಳಿ ನೋಡಿ.)

ಈಗ ನಾಲ್ಕನೇ ತರಗತಿಯ ಟೀಚರ್ ಜಾಗದಲ್ಲಿ ನಿಂತು ನೋಡಿ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು. ಹಳ್ಳಿಯ ಶಾಲೆಯಲ್ಲಿ ಮಕ್ಕಳ ಸಂಖ್ಯೆಗಿಂತ ದೊಡ್ಡ ತೊಂದರೆ ಎಂದರೆ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದು. ನಾಲ್ಕರವರಿಗೆ ಲೆಕ್ಕ ಕೊಟ್ಟು ಐದರವರಿಗೆ ಪಾಠ ಶುರುಮಾಡುವಷ್ಟರಲ್ಲಿ ನಿಮ್ಮ ಮಗಳು ‘ಮುಗೀತು ಮಿಸ್’ ಎಂದು ಎದ್ದು ನಿಂತಿರುತ್ತಾಳೆ. ಹಿಂದಿನ ಸಾಲಿನಲ್ಲಿ ಕಳೆಯುವಾಗ ದಶಕ ತೆಗೆದುಕೊಳ್ಳುವುದು ಇನ್ನೂ ಗೊತ್ತಾಗದ ನಾಲ್ಕು ಮಕ್ಕಳಿದ್ದಾರೆ. ಹಾಲು, ಬಿಸಿಯೂಟ, ಮೊಟ್ಟೆ-ಬಾಳೆಹಣ್ಣಿನ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ಮತದಾರರ ಪಟ್ಟಿ, ಸಮೀಕ್ಷೆ ಎಲ್ಲವೂ ಅದೇ ಹೆಗಲಿನ ಮೇಲೆ. ಇಂಥ ದಿನದ ಮಧ್ಯೆ ‘ಸೊನ್ನೆ ಸಮವೋ ಬೆಸವೋ’ ಎಂಬ ಪ್ರಶ್ನೆ ಬಂದರೆ, ಉತ್ತರ ಗೊತ್ತಿದ್ದವರೂ ‘ಪಾಠದಲ್ಲಿ ಇರುವುದನ್ನು ಕೇಳು’ ಎಂದುಬಿಡುತ್ತಾರೆ. ಉತ್ತರ ಖಚಿತವಾಗಿ ಗೊತ್ತಿಲ್ಲದವರಂತೂ ಖಂಡಿತ ಹಾಗೆನ್ನುತ್ತಾರೆ. ಅವರು ಮಾಡಿದ್ದು ಸರಿ ಎನ್ನುತ್ತಿಲ್ಲ. ಆದರೆ ಅದರಲ್ಲಿ ನಿಮ್ಮ ಮಗಳ ಮೇಲಿನ ದ್ವೇಷವನ್ನು ಹುಡುಕಬೇಡಿ.

ನಾನೇ ಇದಕ್ಕಿಂತ ದೊಡ್ಡ ತಪ್ಪು ಮಾಡಿದ್ದೇನೆ. ಸೇವೆಗೆ ಸೇರಿದ ಹೊಸತರಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾನು ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಅವನ ಉತ್ತರ ಸಿದ್ಧವಾಗಿರುತ್ತಿತ್ತು. ನನಗೊಂದು ಉಪಾಯ ಹೊಳೆಯಿತು: ಅವನನ್ನು ‘ಪುಟ್ಟ ಮೇಷ್ಟ್ರು’ ಮಾಡಿದೆ. ಉಳಿದವರ ಸ್ಲೇಟು ತಿದ್ದುವುದು, ತಪ್ಪಿದ್ದರೆ ಹೇಳಿಕೊಡುವುದು ಅವನ ಕೆಲಸ. ನನಗೆ ಪುರುಸೊತ್ತು ಸಿಕ್ಕಿತು, ಅವನ ಅಪ್ಪ-ಅಮ್ಮನಿಗೆ ಹೆಮ್ಮೆಯಾಯಿತು, ನೋಡಲು ಬಂದ ಇನ್‌ಸ್ಪೆಕ್ಟರ್ ಹೊಗಳಿ ಹೋದರು. ವರ್ಷದ ಕೊನೆಗೆ ಯೋಚಿಸಿದರೆ, ಆ ಹುಡುಗ ಇಡೀ ವರ್ಷ ಒಂದೇ ಒಂದು ಹೊಸ ವಿಷಯವನ್ನೂ ನನ್ನಿಂದ ಕಲಿತಿರಲಿಲ್ಲ. ಅವನು ಸ್ಲೇಟಿನ ಮೇಲೆ ತಪ್ಪು ಹಾಕಿದ ಹುಡುಗರು ಸಂಜೆ ದಾರಿಯಲ್ಲಿ ಅವನಿಗಾಗಿ ಕಾಯುತ್ತಿದ್ದರು ಎಂಬುದು ಆಮೇಲೆ ತಿಳಿಯಿತು. ಏಳನೇ ತರಗತಿಯಲ್ಲಿ ಅವನಿಗೆ ಮೊದಲ ಬಾರಿಗೆ ಬಗೆಹರಿಯದ ಲೆಕ್ಕವೊಂದು ಎದುರಾದಾಗ ಉತ್ತರಪತ್ರಿಕೆಯನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡು ಮನೆಗೆ ಹೋದ. ಕಷ್ಟಪಡುವುದು ಹೇಗೆ ಎಂದು ಯಾರೂ ಅವನಿಗೆ ಕಲಿಸಿರಲಿಲ್ಲ. ನಾನೂ ಕಲಿಸಿರಲಿಲ್ಲ.

ಆದ್ದರಿಂದ ಟೀಚರ್ ‘ಹಾಗಾದರೆ ಉಳಿದವರಿಗೆ ಹೇಳಿಕೊಡಲಿ ಬಿಡಿ’ ಎಂದರೆ ನಕ್ಕು ಒಪ್ಪಿಕೊಂಡು, ‘ವಾರಕ್ಕೆ ಒಂದು ದಿನ ಹೇಳಿಕೊಡಲಿ ಮೇಡಂ, ಉಳಿದ ದಿನ ಅವಳಿಗೂ ತಲೆ ಓಡಿಸುವಂಥದ್ದು ಏನಾದರೂ ಇರಲಿ’ ಎನ್ನಿ. ‘ಇನ್ನೂ ಹತ್ತು ಲೆಕ್ಕ ಮಾಡಲಿ’ ಎಂಬುದಕ್ಕೂ ಒಪ್ಪಬೇಡಿ. ಬೇಗ ಮುಗಿಸಿದ್ದಕ್ಕೆ ಅದೇ ಬಗೆಯ ಹತ್ತು ಲೆಕ್ಕ ಸಿಗುತ್ತದೆ ಎಂದಾದರೆ ಯಾವ ಮಗುವೂ ಎರಡನೇ ದಿನದಿಂದ ನಿಧಾನವಾಗುತ್ತದೆ. ಅದು ಜಾಣತನದ ಲಕ್ಷಣವೇ.

ಹೋಗುವ ಮುಂಚಿನ ಎರಡು ವಾರ ಮನೆಯಲ್ಲಿ ಮಾಡಬೇಕಾದ ಕೆಲಸವಿದೆ. ಮೊದಲನೆಯದು, ಹೊಟ್ಟೆನೋವನ್ನು ಡಾಕ್ಟರಿಗೆ ತೋರಿಸಿ. ಸೋಮವಾರ ಮಾತ್ರ ಬರುವ ನೋವಿಗೆ ಶಾಲೆಯೇ ಕಾರಣ ಎಂದು ನಮಗೆ ಅನ್ನಿಸುತ್ತದೆ, ಆದರೂ ನೋಡಿಸಿಬಿಡುವುದು ಒಳ್ಳೆಯದು. ಜೊತೆಗೆ ಕಣ್ಣು ಪರೀಕ್ಷೆ ಮಾಡಿಸಿ. ಕಪ್ಪುಹಲಗೆಯಿಂದ ನೋಟ್ಸ್ ಬರೆದುಕೊಳ್ಳದ ಚುರುಕು ಮಕ್ಕಳಲ್ಲಿ ಕೆಲವರಿಗೆ ಹಲಗೆಯೇ ಸರಿಯಾಗಿ ಕಾಣುತ್ತಿರುವುದಿಲ್ಲ. ಬಾಯಲ್ಲಿ ಎಲ್ಲ ಹೇಳಿ, ಬರೆಯುವಾಗ ಮಾತ್ರ ಅಕ್ಷರ ಬಿಟ್ಟುಹೋಗುವುದು, ತಿರುಗುಮುರುಗಾಗುವುದು ಇದ್ದರೆ ಅದನ್ನೂ ಗಮನಿಸಿ. ಬಹಳ ಚುರುಕಾದ ಮಗುವಿಗೂ ಓದು-ಬರಹದ ಕಲಿಕಾ ತೊಂದರೆ ಇರಬಹುದು. ಚುರುಕುತನ ತೊಂದರೆಯನ್ನು ಮುಚ್ಚುತ್ತದೆ, ತೊಂದರೆ ಚುರುಕುತನವನ್ನು ಮುಚ್ಚುತ್ತದೆ, ಮಗು ಸೋಮಾರಿ ಎನಿಸಿಕೊಳ್ಳುತ್ತದೆ.

ಎರಡನೆಯದು, ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಂಡು ಅವಳು ಕೇಳುವ ಪ್ರಶ್ನೆಗಳನ್ನು ತಾರೀಖು ಹಾಕಿ ಬರೆಯಿರಿ. ನಿಮ್ಮ ಅಭಿಪ್ರಾಯ ಬೇಡ, ಅವಳ ಮಾತು ಅವಳದೇ ಪದಗಳಲ್ಲಿ ಇರಲಿ. ಅವಳು ತಾನಾಗಿ ಬರೆದದ್ದು, ಬಿಡಿಸಿದ್ದು, ಮಾಡಿದ್ದು ಏನಾದರೂ ಇದ್ದರೆ ಅದರಲ್ಲೇ ಸಿಕ್ಕಿಸಿಡಿ. ನೂರಕ್ಕೆ ನೂರು ಅಂಕ ಬಂದ ಉತ್ತರಪತ್ರಿಕೆಗಿಂತ ಇಂಥ ನಾಲ್ಕು ಪುಟ ಶಿಕ್ಷಕರಿಗೆ ಹೆಚ್ಚು ಹೇಳುತ್ತದೆ, ಏಕೆಂದರೆ ಅಂಕಗಳನ್ನು ಕೊಟ್ಟವರು ಅವರೇ. ಬುದ್ಧಿಮತ್ತೆಯ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ತರಲೇ ಎಂದು ಕೆಲವು ಪೋಷಕರು ಕೇಳುತ್ತಾರೆ. ನಿಮ್ಮ ಕೆಲಸಕ್ಕೆ ಅದು ಬೇಕಾಗಿಲ್ಲ, ಹಾಸನದವರೆಗೆ ಓಡಾಡಿ ದುಡ್ಡು ಸುರಿಯಬೇಡಿ. 1921ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಲೂಯಿಸ್ ಟರ್ಮನ್ ಕ್ಯಾಲಿಫೋರ್ನಿಯಾದ ಶಾಲೆಗಳಿಂದ ಅತಿಬುದ್ಧಿವಂತ ಮಕ್ಕಳನ್ನು ಪರೀಕ್ಷೆಯ ಮೂಲಕ ಆರಿಸಲು ಹೊರಟರು. ಅಂಕ ಸಾಲದೆ ಹೊರಗುಳಿದ ಹುಡುಗರಲ್ಲಿ ವಿಲಿಯಂ ಶಾಕ್ಲಿ ಮತ್ತು ಲೂಯಿಸ್ ಅಲ್ವಾರೆಜ್ ಇದ್ದರು. ಮುಂದೆ ಒಬ್ಬರಿಗೆ 1956ರಲ್ಲಿ, ಇನ್ನೊಬ್ಬರಿಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಆರಿಸಲ್ಪಟ್ಟ ಸಾವಿರದೈನೂರು ಮಕ್ಕಳಲ್ಲಿ ಒಬ್ಬರಿಗೂ ಬರಲಿಲ್ಲ.

ಯಾವಾಗ ಹೋಗಬೇಕು? ಬೆಳಗ್ಗೆ ಪ್ರಾರ್ಥನೆಯ ಹೊತ್ತಿಗೆ ಗೇಟಿನ ಬಳಿ ಹಿಡಿದು ನಿಲ್ಲಿಸಬೇಡಿ. ಎಲ್ಲರೂ ಸೇರಿದ ಪೋಷಕರ ಸಭೆಯಲ್ಲೂ ಬೇಡ. ನಾಲ್ಕು ಜನರ ಮುಂದೆ ಎತ್ತಿದ ಮಾತು ಎಷ್ಟು ಮೆತ್ತಗಿದ್ದರೂ ಆರೋಪದಂತೆಯೇ ಕೇಳಿಸುತ್ತದೆ. ಪರೀಕ್ಷೆಯ ವಾರ, ಪ್ರತಿಭಾ ಕಾರಂಜಿಯ ತಯಾರಿಯ ವಾರ ಬಿಟ್ಟುಬಿಡಿ. ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ಟೀಚರ್ ಬಸ್ಸಿಗೆ ಹೊರಡುವ ಮುಂಚೆ ಕಾಲು ಗಂಟೆ ಸಿಗುತ್ತದೆ. ‘ಈ ಶನಿವಾರ ಹತ್ತು ನಿಮಿಷ ಬರಲೇ ಮೇಡಂ?’ ಎಂದು ಗುರುವಾರವೇ ಕೇಳಿಟ್ಟುಕೊಳ್ಳಿ. ಯಜಮಾನರೂ ಬರುವುದಾದರೆ ಬರಲಿ, ಆದರೆ ‘ಬೇರೆ ಶಾಲೆಗೆ ಸೇರಿಸುತ್ತೇವೆ’ ಎಂಬ ಮಾತು ಅಲ್ಲಿ ಬಾಯಿಗೆ ಬರಬಾರದು. ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿರುವ ಸರ್ಕಾರಿ ಶಾಲೆಯಲ್ಲಿ ಆ ಮಾತು ಬೆದರಿಕೆಯಾಗುತ್ತದೆ.

ಮಾತು ಹೀಗೆ ಶುರುವಾಗಲಿ: ‘ಮೇಡಂ, ಲೆಕ್ಕ ಬೇಗ ಮುಗಿಸಿ ಪಕ್ಕದವರಿಗೆ ತೊಂದರೆ ಕೊಡುತ್ತಾಳೆ ಎಂದು ಹೇಳಿದ್ದಿರಿ. ಮನೆಯಲ್ಲೂ ಅವಳು ಹಾಗೆಯೇ. ಕೈಗೆ ಏನಾದರೂ ಕೆಲಸ ಇದ್ದರೆ ಮಾತ್ರ ಸುಮ್ಮನಿರುತ್ತಾಳೆ. ಮುಗಿಸಿದ ಮೇಲೆ ಮಾಡುವಂಥ ಕೆಲಸ ನಾನೇ ಒಂದು ಪುಸ್ತಕದಲ್ಲಿ ಬರೆದು ಕಳುಹಿಸಲೇ? ನೀವು ನೋಡಿ ಸರಿ ಎಂದದ್ದನ್ನು ಮಾತ್ರ ಮಾಡಲಿ.’

ಇಷ್ಟರಲ್ಲಿ ‘ಬುದ್ಧಿವಂತೆ’ ಎಂಬ ಪದವೇ ಇಲ್ಲ, ನೋಡಿ. ಮಾತು ಹೊರಟದ್ದು ಟೀಚರ್ ಹೇಳಿದ ದೂರಿನಿಂದ. ಅವರಿಗೆ ಹೊಸ ಹೊರೆಯಿಲ್ಲ, ಒಪ್ಪುವ ಬಿಡುವ ಅಧಿಕಾರ ಅವರ ಕೈಯಲ್ಲೇ ಇದೆ. ಇಲ್ಲ ಎನ್ನಲು ಕಾರಣವೇ ಸಿಗದಂಥ ಕೋರಿಕೆ ಇದು.

ಆ ಪುಸ್ತಕದಲ್ಲಿ ಏನು ಬರೆಯುವುದು ಎಂಬ ಚಿಂತೆ ನಿಮಗಿದ್ದೀತು. ಪಿಯುಸಿ ಬೇಕಾದಷ್ಟಾಯಿತು. ಮುಂದಿನ ಪಾಠವನ್ನು ಮಾತ್ರ ಮೊದಲೇ ಹೇಳಿಕೊಡಬೇಡಿ. ಅಕ್ಟೋಬರ್‌ನಲ್ಲಿ ಬರುವ ಭಾಗಾಕಾರವನ್ನು ಆಗಸ್ಟ್‌ನಲ್ಲೇ ಕಲಿಸಿದರೆ ಅಕ್ಟೋಬರ್‌ನಲ್ಲಿ ಅವಳ ಬೇಸರ ದುಪ್ಪಟ್ಟಾಗುತ್ತದೆ, ಆಗ ಟೀಚರ್ ಸಿಟ್ಟಾದರೆ ನ್ಯಾಯವೇ. ತರಗತಿಯಲ್ಲಿ ನಡೆಯುತ್ತಿರುವ ಪಾಠದಲ್ಲೇ ಆಳಕ್ಕೆ ಇಳಿಯುವಂಥದ್ದು ಬೇಕು. ಒಂದು ಉದಾಹರಣೆ ಕೊಡುತ್ತೇನೆ, ನನ್ನ ಮೆಚ್ಚಿನದು.

ಮಹಾರಾಷ್ಟ್ರದ ನಾಸಿಕ್ ಬಳಿಯ ದೇವಳಾಲಿಯಲ್ಲಿ ಡಿ.ಆರ್. ಕಾಪ್ರೇಕರ್ ಎಂಬ ಶಾಲಾ ಮೇಷ್ಟ್ರು ಇದ್ದರು. ದೊಡ್ಡ ಪದವಿಗಳಿಲ್ಲ, ಸಂಖ್ಯೆಗಳ ಜೊತೆ ಆಡುವುದೇ ಅವರ ಗೀಳು. 1949ರಲ್ಲಿ ಅವರೊಂದು ವಿಚಿತ್ರವನ್ನು ತೋರಿಸಿದರು. ನಾಲ್ಕು ಅಂಕಿಯ ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೆ. 3524 ಎನ್ನೋಣ. ಅದರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 5432, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ 2345. ಕಳೆಯಿರಿ: 3087. ಮತ್ತೆ ಹಾಗೆಯೇ ಮಾಡಿ: 8730ರಲ್ಲಿ 0378 ಕಳೆದರೆ 8352. ಮತ್ತೊಮ್ಮೆ: 8532ರಲ್ಲಿ 2358 ಕಳೆದರೆ 6174. ಇನ್ನೊಮ್ಮೆ ಮಾಡಿದರೆ 7641ರಲ್ಲಿ 1467 ಕಳೆದು ಮತ್ತೆ 6174. ಬಂಡಿ ಅಲ್ಲೇ ನಿಂತುಬಿಟ್ಟಿತು. ಯಾವ ಸಂಖ್ಯೆಯಿಂದ ಹೊರಟರೂ ಹೆಚ್ಚೆಂದರೆ ಏಳು ಹೆಜ್ಜೆಯಲ್ಲಿ ಇದೇ 6174ಕ್ಕೆ ಬಂದು ಸೇರುತ್ತೀರಿ.

ನಾಲ್ಕನೇ ತರಗತಿಯ ಮಗುವಿನ ಕಣ್ಣಿನಿಂದ ಇದನ್ನು ನೋಡಿ. ಇಡೀ ಆಟ ದಶಕ ತೆಗೆದುಕೊಂಡು ಕಳೆಯುವ ಲೆಕ್ಕ, ಅಂದರೆ ತರಗತಿಯಲ್ಲಿ ನಡೆಯುತ್ತಿರುವ ಪಾಠವೇ. ಏಳು ಹೆಜ್ಜೆಯಾದರೂ 6174 ಬರದಿದ್ದರೆ ಎಲ್ಲೋ ತಪ್ಪಿದೆ ಎಂದು ಅವಳಿಗೇ ಗೊತ್ತಾಗುತ್ತದೆ, ಹಿಂದೆ ಹೋಗಿ ತಾನೇ ತಿದ್ದಿಕೊಳ್ಳಬಹುದು. ಯಾವ ಸಂಖ್ಯೆಗೆ ಎಷ್ಟು ಹೆಜ್ಜೆ ಎಂದು ಪಟ್ಟಿ ಮಾಡಲು ವಾರ ಸಾಲದು. ಮೂರು ಅಂಕಿಯಲ್ಲಿ ಮಾಡಿದರೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಿ (495ರಲ್ಲಿ, ಆದರೆ ನೀವು ಹೇಳಬೇಡಿ). ಎರಡು ಅಂಕಿಯಲ್ಲಿ ಏನಾಗುತ್ತದೆ ಎಂಬುದನ್ನು ಅವಳೇ ಕಂಡುಹಿಡಿಯಲಿ, ಅಲ್ಲಿ ಬಂಡಿ ನಿಲ್ಲುವುದೇ ಇಲ್ಲ, ಸುತ್ತುತ್ತಲೇ ಇರುತ್ತದೆ. ಇಂಥ ಒಂದು ಪುಟವನ್ನು ಅಂದವಾಗಿ ಬರೆಸಿ ಟೀಚರಿಗೆ ಕೊಟ್ಟರೆ, ಅವರು ಅದನ್ನು ಅವಳ ಕೃತಿ ಸಂಪುಟಕ್ಕೆ ಸೇರಿಸಬಹುದು. ಮೌಲ್ಯಮಾಪನಕ್ಕೆ ಪ್ರತಿ ಮಗುವಿನ ಕೆಲಸದ ಮಾದರಿ ಸಂಗ್ರಹಿಸಬೇಕಾದ ಟೀಚರಿಗೆ ಇದು ಉಪಕಾರವೇ ಆಗುತ್ತದೆ.

ಇನ್ನೊಂದು ಸುಲಭದ ದಾರಿಯನ್ನು ಟೀಚರ್ ಒಪ್ಪಿದರೆ ನೋಡಿ. ಅಭ್ಯಾಸದಲ್ಲಿ ಹದಿನೈದು ಲೆಕ್ಕಗಳಿದ್ದರೆ, ಕೊನೆಯ ಐದು ಎಲ್ಲಕ್ಕಿಂತ ಕಷ್ಟದವು. ಅವಳು ಆ ಐದನ್ನು ಮೊದಲು ಮಾಡಲಿ. ಐದೂ ಸರಿಯಿದ್ದರೆ ಉಳಿದ ಹತ್ತು ಮಾಫಿ, ಒಂದು ತಪ್ಪಿದರೂ ಎಲ್ಲರಂತೆ ಹದಿನೈದನ್ನೂ ಮಾಡಲಿ. ಮಕ್ಕಳಿಗೆ ಈ ಕರಾರು ಬಹಳ ಇಷ್ಟ, ಏಕೆಂದರೆ ಇದರಲ್ಲಿ ಪಂದ್ಯದ ರುಚಿ ಇದೆ. ಕನ್ನಡ, ಪರಿಸರ ಅಧ್ಯಯನದ ಪಾಠಗಳಿಗೆ ಶಾಲೆಯ ಗ್ರಂಥಾಲಯದ ಪುಸ್ತಕ ಕೈಯಲ್ಲಿದ್ದರೆ ಸಾಕು.

ಟೀಚರ್ ಕೂಡಲೇ ಒಪ್ಪುತ್ತಾರೆ ಎಂದುಕೊಳ್ಳಬೇಡಿ. ‘ಒಬ್ಬಳಿಗೆ ಕೊಟ್ಟರೆ ಉಳಿದವರೂ ಕೇಳುತ್ತಾರೆ’ ಎನ್ನಬಹುದು. ‘ಕೇಳಿದವರಿಗೆಲ್ಲ ಕೊಡಿ ಮೇಡಂ, ನಾನು ನಾಲ್ಕು ಪ್ರತಿ ಬರೆದುಕೊಡುತ್ತೇನೆ’ ಎನ್ನಿ. ಇದು ಉಪಚಾರದ ಮಾತಾಗಬಾರದು, ನಿಜವಾಗಿಯೂ ಬರೆದುಕೊಡಿ. ಹಿಂದಿನ ಬೆಂಚಿನಿಂದ ನಾವು ಎಣಿಸದೇ ಇದ್ದ ಇಬ್ಬರು ಮಕ್ಕಳು ಅದಕ್ಕೆ ಕೈಚಾಚುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನಿಮ್ಮ ಮಗಳಿಗೆ ಸರಿಸಮನಾದ ಜೊತೆಯೂ ಅಲ್ಲಿಂದಲೇ ಸಿಗುತ್ತದೆ. ‘ಮೊದಲು ನೋಟ್ಸ್ ಬರೆಯಲಿ, ಆಮೇಲೆ ಮಿಕ್ಕಿದ್ದು’ ಎಂದರೆ ಒಪ್ಪಿಕೊಳ್ಳಿ. ಅದರಲ್ಲಿ ಅನ್ಯಾಯವಿಲ್ಲ.

ಬೇರೆಯವರ ಉತ್ತರವನ್ನು ತಾನು ಕೂಗುವ ವಿಷಯದಲ್ಲಿ ನಾನು ಪೂರ್ತಿ ಟೀಚರ್ ಪಕ್ಷ. ಕೆಲವರಿಗೆ ಯೋಚಿಸಲು ಅರ್ಧ ನಿಮಿಷ ಬೇಕು. ನಿಮ್ಮ ಮಗಳು ಕೂಗಿದ ಕ್ಷಣ ಆ ಮಗುವಿನ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಅವಳಿಗೆ ಬಿಡಿಸಿ ಹೇಳಿ, ಅರ್ಥವಾಗುತ್ತದೆ. ಉತ್ತರ ಹೊಳೆದರೆ ಸ್ಲೇಟಿನಲ್ಲಿ ಬರೆದು ಮಗುಚಿ ಇಡಲಿ, ಕೊನೆಗೆ ಟೀಚರ್ ಕೇಳಿದಾಗ ತೋರಿಸಲಿ. ಈ ಪದ್ಧತಿಯನ್ನು ಶನಿವಾರ ನೀವೇ ಟೀಚರಿಗೆ ಹೇಳಿ. ನಿಮ್ಮ ಮಗುವಿನ ತಪ್ಪನ್ನು ನೀವೇ ಮೊದಲು ಎತ್ತಿ ಆಡಿದರೆ ಉಳಿದ ಮಾತಿಗೆ ತೂಕ ಬರುತ್ತದೆ.

ಮೂರು ವಾರ ಕಾದರೂ ಏನೂ ಆಗದಿದ್ದರೆ ಮತ್ತೊಮ್ಮೆ ಅದೇ ಟೀಚರ್ ಬಳಿಗೇ ಹೋಗಿ. ಆಮೇಲೆ ಮುಖ್ಯ ಶಿಕ್ಷಕರು. ಅಲ್ಲಿಗೂ ಟೀಚರಿಗೆ ತಿಳಿಸಿಯೇ ಹೋಗಬೇಕು, ಬೆನ್ನ ಹಿಂದೆ ಹೋದರೆ ಇಡೀ ವರ್ಷ ಕಷ್ಟ. ಕಾನೂನು ನಿಮ್ಮ ಪರ ಇದೆ ಎಂಬುದು ಮನಸ್ಸಿನಲ್ಲಿರಲಿ: 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್, ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಅಳೆದು ಅದಕ್ಕೆ ತಕ್ಕಂತೆ ಹೆಚ್ಚಿನ ಬೋಧನೆ ಒದಗಿಸುವುದು, ಪೋಷಕರನ್ನು ನಿಯಮಿತವಾಗಿ ಭೇಟಿಮಾಡಿ ಮಗುವಿನ ಪ್ರಗತಿ ತಿಳಿಸುವುದು ಶಿಕ್ಷಕರ ಕರ್ತವ್ಯ ಎನ್ನುತ್ತದೆ. ಹೆಚ್ಚಿನ ಬೋಧನೆ ಎಂದ ಕೂಡಲೇ ನಮ್ಮ ವ್ಯವಸ್ಥೆಗೆ ನೆನಪಾಗುವುದು ಹಿಂದುಳಿದ ಮಕ್ಕಳು ಮಾತ್ರ. ಕಾಯ್ದೆಯಲ್ಲಿ ‘ಪ್ರತಿ ಮಗು’ ಎಂದೇ ಇದೆ. ಆದರೆ ಸೆಕ್ಷನ್ ನಂಬರ್ ಹಿಡಿದು ಶಾಲೆಗೆ ಹೋಗಬೇಡಿ, ಅದು ಕೊನೆಯ ಅಸ್ತ್ರ. ಅದಕ್ಕಿಂತ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಸದಸ್ಯೆಯಾಗಿ. ಪೋಷಕರಿಗೆಂದೇ ಇರುವ ಸಮಿತಿ ಅದು, ಅಲ್ಲಿ ಮಹಿಳೆಯರಿಗೆ ಜಾಗವೂ ಇದೆ. ಒಬ್ಬ ತಾಯಿ ಅಲ್ಲಿ ಕುಳಿತು ‘ಗ್ರಂಥಾಲಯದ ಬೀರು ದಿನಾ ತೆರೆದಿರಲಿ’ ಎಂದರೆ ಬೀರು ತೆರೆಯುತ್ತದೆ. ಆ ಬೀಗದಕೈ ಕಥೆಯನ್ನೇ ಬರೆದರೆ ಇನ್ನೊಂದು ಪುಟ ಬೇಕಾದೀತು.

ಯಜಮಾನರ ಮಾತಿಗೆ ಬರುತ್ತೇನೆ. ಪೇಟೆಯ ಇಂಗ್ಲಿಷ್ ಶಾಲೆಗೆ ಹೋದರೆ ಅವಳಿಗೆ ಆರು ತಿಂಗಳು ಬೇಸರವಾಗುವುದಿಲ್ಲ, ನಿಜ. ಭಾಷೆ ಅರ್ಥಮಾಡಿಕೊಳ್ಳುವುದರಲ್ಲೇ ಪುರುಸೊತ್ತಿರುವುದಿಲ್ಲ. ಆಮೇಲೆ ಅದೇ ಕಪ್ಪುಹಲಗೆ, ಅದೇ ಕಾಯುವಿಕೆ, ಜೊತೆಗೆ ದಿನಕ್ಕೆ ಎರಡು ಹೊತ್ತಿನ ವ್ಯಾನ್ ಪ್ರಯಾಣ. ಅವಸರ ಮಾಡಬೇಡಿ ಎನ್ನುವುದಕ್ಕೆ ಇನ್ನೂ ಗಟ್ಟಿಯಾದ ಕಾರಣವಿದೆ: ನವೋದಯ. ಐದನೇ ತರಗತಿಯಲ್ಲಿರುವಾಗ ಜವಾಹರ್ ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆಯಬಹುದು. ಎರಡು ಗಂಟೆ, 80 ಪ್ರಶ್ನೆ, 100 ಅಂಕ, ಅರ್ಧದಷ್ಟು ಪ್ರಶ್ನೆಗಳು ಮಾನಸಿಕ ಸಾಮರ್ಥ್ಯದವು, ಕನ್ನಡದಲ್ಲೇ ಬರೆಯಬಹುದು. ಆಯ್ಕೆಯಾದರೆ ಆರನೇ ತರಗತಿಯಿಂದ ಓದು, ಊಟ, ವಸತಿ ಉಚಿತ. ಜಿಲ್ಲೆಯ ಸೀಟುಗಳಲ್ಲಿ ಕನಿಷ್ಠ ಶೇ 75ರಷ್ಟು ಗ್ರಾಮೀಣ ಮಕ್ಕಳಿಗೆ. ಆದರೆ ಆ ಪಾಲಿಗೆ ಸೇರಲು ಮೂರು, ನಾಲ್ಕು, ಐದು, ಈ ಮೂರೂ ತರಗತಿಗಳನ್ನು ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ನಾಲ್ಕನೇ ತರಗತಿಯ ಮಧ್ಯದಲ್ಲಿ ಪೇಟೆಯ ಶಾಲೆಗೆ ಹಾಕಿ, ಮರುವರ್ಷ ಅರ್ಜಿ ತುಂಬುವಾಗ ತಲೆಯ ಮೇಲೆ ಕೈಹೊತ್ತು ಕುಳಿತ ತಂದೆಯರನ್ನು ನಾನು ಕಂಡಿದ್ದೇನೆ. ಪರೀಕ್ಷೆಗೆ ಒಂದೇ ಅವಕಾಶ, ಹುಟ್ಟಿದ ದಿನಾಂಕದ ಮಿತಿಯೂ ಇದೆ. ಹಾಗಾಗಿ ಹಿಂದಿನ ಕಾಲದ ಡಬಲ್ ಪ್ರಮೋಷನ್ ಆಸೆಯನ್ನು ಯಾರಾದರೂ ಹುಟ್ಟಿಸಿದರೆ ಅದನ್ನೂ ಬಿಡಿ. ಆರನೇ ತರಗತಿಗೇ ಪ್ರವೇಶ ಪರೀಕ್ಷೆ ಇರುವ ಆದರ್ಶ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇವೆ. ಇನ್ನು ಒಂದೂವರೆ ವರ್ಷ ನಿಮ್ಮೂರ ಶಾಲೆಯಲ್ಲಿ ಅವಳ ಉತ್ಸಾಹ ಆರದಂತೆ ನೋಡಿಕೊಂಡರೆ ಬೇಕಾದಷ್ಟಾಯಿತು.

ಮನೆಯಲ್ಲಿ ಎರಡು ಎಚ್ಚರಿಕೆ. ಅವಳ ಎದುರಿಗೆ ಟೀಚರನ್ನು ಆಡಿಕೊಳ್ಳಬೇಡಿ. ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದೂ ಮರುದಿನ ತರಗತಿಯಲ್ಲಿ ಅವಳ ಮುಖದ ಮೇಲೆ ಕಾಣಿಸುತ್ತದೆ. ಮತ್ತೆ, ಬಂದವರ ಮುಂದೆ ‘ನಮ್ಮ ಹುಡುಗಿ ಭಾರೀ ಜಾಣೆ’ ಎಂದು ಮಗ್ಗಿ ಒಪ್ಪಿಸಬೇಡಿ. ಅಮೆರಿಕದ ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ ಪ್ರಯೋಗಗಳು 1998ರಲ್ಲಿ ಪ್ರಕಟವಾದವು. ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳಲ್ಲಿ ಹೆಚ್ಚಿನವರು ಆಮೇಲೆ ಸುಲಭದ ಕೆಲಸವನ್ನೇ ಆರಿಸಿಕೊಂಡರು, ಕಷ್ಟದ ಲೆಕ್ಕ ಬಂದಾಗ ಬೇಗ ಕೈಚೆಲ್ಲಿದರು, ಬಂದ ಅಂಕವನ್ನು ಹೆಚ್ಚು ಮಾಡಿ ಹೇಳಿಕೊಂಡವರೂ ಅವರಲ್ಲೇ ಜಾಸ್ತಿ. ‘ಚೆನ್ನಾಗಿ ಕಷ್ಟಪಟ್ಟೆ’ ಎನಿಸಿಕೊಂಡವರಲ್ಲಿ ಹಾಗೆ ಮಾಡಿದವರು ಕಡಿಮೆ. ಅದನ್ನು ಓದಿದಾಗ ನನಗೆ ಅಂಗಿಯೊಳಗೆ ಉತ್ತರಪತ್ರಿಕೆ ಬಚ್ಚಿಟ್ಟುಕೊಂಡ ನನ್ನ ಪುಟ್ಟ ಮೇಷ್ಟ್ರು ನೆನಪಾದ.

ಕೊನೆಗೆ ಆ ಸೊನ್ನೆಯ ಪ್ರಶ್ನೆ. ಅದಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಂತಿಲ್ಲ. ಸೊನ್ನೆ ಸಮಸಂಖ್ಯೆಯೇ, ಆದರೆ ಅದನ್ನು ನೀವು ಹೇಳಿಬಿಡಬೇಡಿ. ಒಂದು ಹಿಡಿ ಹುಣಸೆ ಬೀಜ ಕೊಟ್ಟು ಎಂಟು, ಏಳು, ಆರು, ಐದು ಎಂದು ಇಳಿಸುತ್ತಾ ಇಬ್ಬರಿಗೆ ಸಮನಾಗಿ ಹಂಚಲು ಹೇಳಿ. ಯಾವಾಗ ಒಂದು ಬೀಜ ಒಂಟಿಯಾಗಿ ಉಳಿಯುತ್ತದೆ, ಯಾವಾಗ ಉಳಿಯುವುದಿಲ್ಲ ಎಂದು ಬರೆದುಕೊಳ್ಳಲಿ. ಎರಡು, ಒಂದು ಆದ ಮೇಲೆ ಬೀಜವೇ ಇಲ್ಲದ ಅಂಗೈ ಹಿಡಿದು ‘ಈಗ?’ ಎಂದು ಕೇಳಿ. ಅವಳು ಏನೆನ್ನುತ್ತಾಳೋ ಅದನ್ನು ಅವಳ ಕೈಯಲ್ಲೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆಸಿ. ಶನಿವಾರ ಟೀಚರ್ ಮುಂದೆ ತೆರೆಯುವ ಪುಟ ಅದೇ ಇರಲಿ.